ಜಿಮ್ ಫಾರ್ಮಿನಲ್ಲಿ ಮಾತ್ರೆಗೂ ಒಂದು ಸಾಲಿರಲಿ

ಮಾನ್ಯರೆ,

ನನಗೆ 61 ವರ್ಷ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಬಿಪಿಗೆ, ಎದೆ ಡವಡವ ಅನ್ನುವುದಕ್ಕೆ ಎರಡು ವರ್ಷದಿಂದ ಮೆಟೊಪ್ರೊಲಾಲ್ ನುಂಗುತ್ತಿದ್ದೇನೆ. ಸೊಸೆಯ ಒತ್ತಾಯಕ್ಕೆ ಜಯನಗರದ ಮನೆ ಹತ್ತಿರವೇ ಜಿಮ್ ಸೇರಿದೆ.

ಅಲ್ಲಿ ಗೋಡೆ ಮೇಲೊಂದು ಚಾರ್ಟು. 220ರಲ್ಲಿ ವಯಸ್ಸು ಕಳೆಯಿರಿ, ಎದೆಬಡಿತ ಅದರ ಶೇ 70 ಮುಟ್ಟಲಿ ಅಂತ. ನನ್ನ ಲೆಕ್ಕಕ್ಕೆ 111. ಟ್ರೆಡ್‌ಮಿಲ್ ಮೇಲೆ ಏದುಸಿರು ಬಂದರೂ ವಾಚು 98 ದಾಟಲಿಲ್ಲ. ‘ಆಂಟಿ, ಸುಮ್ನೆ ವಾಕಿಂಗ್ ಮಾಡ್ದಂಗೆ ಮಾಡ್ತಿದೀರ’ ಅಂದ ಟ್ರೈನರ್ ಹುಡುಗ. ಬೋರ್ಡಿನ ಮೇಲೆ ಲೆಕ್ಕ ತಪ್ಪಿದಷ್ಟು ನಾಚಿಕೆಯಾಯಿತು.

ಹಟಕ್ಕೆ ಬಿದ್ದು ಮರುದಿನ ಬರೀ ಕಾಫಿ ಕುಡಿದು ಲಾಲ್‌ಬಾಗಿಗೆ ಹೋದೆ. ಕೆಂಪೇಗೌಡ ಗೋಪುರದ ಬಂಡೆಯನ್ನು ಮೂರು ಸಲ ಹತ್ತಿದೆ. ಮೂರನೆಯ ಸಲ ಕಾಲು ಸೋತು, ಕಣ್ಣು ಮಂಜಾಗಿ ಅಲ್ಲೇ ಕೂತುಬಿಟ್ಟೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಬಿಸ್ಕತ್ತು ಕೊಟ್ಟರು.

ಡಾಕ್ಟರು ಕೇಳಿ ನಕ್ಕರು, ಆಮೇಲೆ ಬೈದರು. ನಾನು ನುಂಗುವುದು ಬೀಟಾ ಬ್ಲಾಕರ್. ಮೈಯನ್ನು ಚುರುಕುಗೊಳಿಸುವ ಹಾರ್ಮೋನ್ ಅಡ್ರಿನಲಿನ್, ಅದರ ಮಾತು ಹೃದಯಕ್ಕೆ ಪೂರ್ತಿ ಕೇಳಿಸದಂತೆ ಮಾಡುವುದೇ ಅದರ ಕೆಲಸ. ಹಾಗಾಗಿ ಎಷ್ಟೇ ಓಡಿದರೂ ಬಡಿತ ಏರುವುದು ಕಡಿಮೆ. ಆ 220ರ ಸೂತ್ರ ನಮ್ಮಂಥವರಿಗೆ ಅಲ್ಲವೇ ಅಲ್ಲ.

ನನಗೆ ಗೊತ್ತಿಲ್ಲದಿದ್ದದ್ದು ಇನ್ನೊಂದು. ವ್ಯಾಯಾಮದ ಹೊತ್ತಲ್ಲಿ ಮೈಯ ಕೊಬ್ಬನ್ನು ಕರಗಿಸಿ ರಕ್ತಕ್ಕೆ ಬಿಡಲು ಹೇಳುವುದೂ ಇದೇ ಅಡ್ರಿನಲಿನ್. ಬೆಂಗಳೂರಿನವರಿಗೆ ಅರ್ಥವಾಗುವಂತೆ ಹೇಳುವುದಾದರೆ ಕೊಬ್ಬು ಸಂಪು, ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆ, ಅಂದರೆ ಗ್ಲೈಕೋಜನ್, ಓವರ್‌ಹೆಡ್ ಟ್ಯಾಂಕು. ಮಾತ್ರೆ ನುಂಗಿದವರ ಸಂಪಿನ ಮೋಟರು ನಿಧಾನ. ಇಡೀ ಮನೆ ಟ್ಯಾಂಕಿನ ನೀರಲ್ಲೇ ನಡೆಯಬೇಕು, ಅದು ಬೇಗ ಖಾಲಿ. (ಹೋಲಿಕೆ ಪೂರ್ತಿ ಸರಿಯಲ್ಲ, ಅಂದಾಜಿಗೆ ಸಾಕು.) ಕಾಲು ಬೇಗ ಸೋಲಲು ಇದೂ ಒಂದು ಕಾರಣ. ನನ್ನ ವಿಷಯದಲ್ಲಿ ಖಾಲಿ ಹೊಟ್ಟೆಯೂ ಸೇರಿತ್ತು ಅನ್ನಿ.

ಪ್ರೊಪ್ರನಲಾಲ್‌ನಂಥ ಬೀಟಾ ಬ್ಲಾಕರ್‌ಗಳು ಹೃದಯದಲ್ಲಷ್ಟೇ ಅಲ್ಲ, ಸ್ನಾಯು, ಲಿವರ್‌ಗಳಲ್ಲೂ ಅಡ್ರಿನಲಿನ್ನನ್ನು ತಡೆಯುತ್ತವೆ. ಅವುಗಳಲ್ಲಿ ಸುಸ್ತು ಇನ್ನೂ ಜಾಸ್ತಿ. ಮೈಗ್ರೇನಿಗೆ, ಕೈ ನಡುಕಕ್ಕೆ ಅದನ್ನು ನುಂಗುವವರು ಎಷ್ಟು ಜನ ಅಲ್ವಾ? ಇನ್ಸುಲಿನ್ ತಗೊಳ್ಳುವ ಶುಗರ್ ಪೇಷೆಂಟುಗಳಿಗೆ ಇನ್ನೊಂದು ತೊಂದರೆ. ಶುಗರ್ ಇಳಿದಾಗ ಆಗುವ ನಡುಕ, ಡವಡವ ಈ ಮಾತ್ರೆಯಿಂದ ಗೊತ್ತೇ ಆಗದೆ ಹೋಗಬಹುದು. ಬೆವರು ಮಾತ್ರ ಬರುತ್ತದೆ. ಜಿಮ್ಮಿನಲ್ಲಿ ಬೆವರನ್ನು ಯಾರು ಅನುಮಾನಿಸುತ್ತಾರೆ?

ಹಾಗಂತ ಇದನ್ನು ಓದಿ ಯಾರೂ ಮಾತ್ರೆ ಬಿಡಬೇಡಿ. ಒಮ್ಮೆಗೇ ನಿಲ್ಲಿಸಿದರೆ ಬಿಪಿ, ಎದೆನೋವು ತಿರುಗಿ ಬೀಳಬಹುದು ಎಂದು ಡಾಕ್ಟರು ಎರಡು ಸಲ ಹೇಳಿದ್ದಾರೆ. ವ್ಯಾಯಾಮವನ್ನೂ ಬಿಡುವುದು ಬೇಡವಂತೆ. ವಾಚಿನ ಬದಲು ಬೋರ್ಗ್ ಅಳತೆ ಕಲಿಸಿಕೊಟ್ಟರು. 6ರಿಂದ ಶುರುವಾಗಿ 20ಕ್ಕೆ ಮುಗಿಯುವ ವಿಚಿತ್ರ ಲೆಕ್ಕ, ಗಣಿತದ ಮೇಷ್ಟ್ರಿಗೆ ಇಷ್ಟವಾಗುವಂಥದ್ದು. ಎಷ್ಟು ಕಷ್ಟ ಅನಿಸುತ್ತಿದೆ ಎಂದು ನಾವೇ ಅಂಕ ಕೊಟ್ಟುಕೊಳ್ಳಬೇಕು. ನನಗೆ 11ರಿಂದ 13 ಸಾಕಂತೆ. ಅಂದರೆ ಮಾತಾಡಲು ಆಗಬೇಕು, ಹಾಡಲು ಆಗಬಾರದು.

ಜಿಮ್ ಮಾಲೀಕರಲ್ಲಿ ನನ್ನ ಕೋರಿಕೆ ಇಷ್ಟೇ. ನಿಮ್ಮ ಫಾರ್ಮಿನಲ್ಲಿ ಬ್ಲಡ್ ಗ್ರೂಪ್ ಕೇಳುತ್ತೀರಿ, ಟೀ ಶರ್ಟ್ ಸೈಜೂ ಕೇಳುತ್ತೀರಿ. ‘ಯಾವ ಮಾತ್ರೆ ತಗೊಳ್ತೀರಿ?’ ಎಂದು ಒಂದು ಸಾಲು ಸೇರಿಸಿ. ಆ ಚಾರ್ಟಿನ ಕೆಳಗೂ, ಬೀಟಾ ಬ್ಲಾಕರ್ ನುಂಗುವವರಿಗೆ ಈ ಲೆಕ್ಕ ಅನ್ವಯಿಸದು ಎಂದು ಬರೆಸಿ. ಪೆನ್ನು ನಾನೇ ತರುತ್ತೇನೆ.

ನಿವೃತ್ತ ಶಿಕ್ಷಕಿ, ಜಯನಗರ, ಬೆಂಗಳೂರು