ಅರ್ಧ ಗಂಟೆ ನಿಮ್ಮದು, ವೇದಿಕೆ ಎಲ್ಲರದು

ಪ್ರೀತಿಯ ಪುಟ್ಟಿ,

ಸಂಗೀತೋತ್ಸವದಲ್ಲಿ ನಿಮ್ಮ ಬ್ಯಾಂಡಿಗೆ ಅರ್ಧ ಗಂಟೆ ಸಿಕ್ಕಿದೆ ಅಂತ ನಿಮ್ಮಮ್ಮ ಹೇಳಿದಳು. ತುಂಬಾ ಖುಷಿಯಾಯಿತು. ಎಂಟು ಹಾಡು ತಯಾರಾಗಿವೆಯಂತೆ ಅಂತಲೂ ಹೇಳಿದಳು. ಅದನ್ನು ಕೇಳಿದ ಮೇಲೆ ಸುಮ್ನಿರಲು ಆಗಲಿಲ್ಲ, ಅದಕ್ಕೇ ಈ ಪತ್ರ. ನಾನು ಗಿಟಾರ್ ಹಿಡಿದವನಲ್ಲ, ನನ್ನ ಕೆಲಸವೆಲ್ಲ ವೇದಿಕೆಯ ಸದ್ದು ಹೊಂದಿಸುವ ಮಿಕ್ಸರ್ ಹಿಂದೆ ನಡೆದದ್ದು. ಆ ಕಡೆಯಿಂದ ನೋಡಿದವನ ಮಾತು ಅಂತ ಓದು.

ಎಂಟು ಹಾಡು ಬೇಡ. ಐದು ಸಾಕು. ಇಂಥ ಉತ್ಸವಗಳಲ್ಲಿ ಎಷ್ಟೋ ಸಲ ಡ್ರಮ್ ಜೋಡಿಸುವುದು, ಗಿಟಾರಿನ ಸದ್ದು ಬದಲಿಸುವ ಪೆಡಲ್ ಇಡುವುದು, ಕೇಬಲ್ ಹಾಕುವುದು ಎಲ್ಲವೂ ಕೊಟ್ಟ ಹೊತ್ತಿನಲ್ಲೇ ಮುಗಿಯಬೇಕು. ನಿಮಗೆ ಹಾಗೋ, ಬೇರೆ ಹೊತ್ತು ಕೊಡುತ್ತಾರೋ, ಇವತ್ತೇ ಕೇಳಿಕೋ. ನಾಲ್ಕು ನಿಮಿಷದ ಐದು ಹಾಡು ಅಂದರೆ 20 ನಿಮಿಷ. ನಡುವೆ ಟ್ಯೂನಿಂಗ್, ಒಂದೆರಡು ಮಾತು, ಚಪ್ಪಾಳೆ. 25 ನಿಮಿಷ ಆಗೇ ಹೋಯಿತು. ಉಳಿದ ಐದು ನಿಮಿಷ ಏನಾದರೂ ಕೈಕೊಟ್ಟಾಗ ಬೇಕಾಗುತ್ತದೆ. ಕೈಕೊಡದೆ ಇರುವುದಿಲ್ಲ.

ಸಮಯದ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಮಧ್ಯಾಹ್ನದ ಬ್ಯಾಂಡ್ ಐದು ನಿಮಿಷ ಎಳೆಯುತ್ತದೆ. ಅದರ ಮುಂದಿನದೂ ಅಷ್ಟೇ ಎಳೆಯುತ್ತದೆ. ರಾತ್ರಿ ಇಷ್ಟು ಗಂಟೆಗೆ ಸ್ಪೀಕರ್ ನಿಲ್ಲಿಸಲೇಬೇಕು ಅಂತ ನಿಯಮ ಇದ್ದರಂತೂ ಕೊನೆಗೆ ಬರುವವರಿಗೆ ಎರಡೇ ಹಾಡು ಉಳಿಯುತ್ತದೆ. ಅವರೂ ನಿಮ್ಮ ಹಾಗೇ ತಿಂಗಳುಗಟ್ಟಲೆ ಕೂತು ಅಭ್ಯಾಸ ಮಾಡಿ ಬಂದಿರುತ್ತಾರೆ. ಅವರ ಹಾಡು ತಿಂದವರು ಯಾರು ಅಂತ ಯಾರಿಗೂ ಗೊತ್ತಾಗುವುದಿಲ್ಲ, ಅಲ್ವಾ? ನಮ್ಮಂಥ ಮಿಕ್ಸರ್‌ನವರಿಗೆ ಮಾತ್ರ ಚೆನ್ನಾಗಿ ಗೊತ್ತಿರುತ್ತದೆ!

ಹೋಗುವ ಮುಂಚೆ ಒಂದು ಹಾಳೆಯಲ್ಲಿ ವೇದಿಕೆಯ ಚಿತ್ರ ಬರೆದು ಕಳಿಸು. ಯಾರು ಎಲ್ಲಿ ನಿಲ್ಲುತ್ತೀರಿ, ಎಷ್ಟು ಮೈಕ್ ಬೇಕು, ಬಾಸ್ ಗಿಟಾರಿನ ಸದ್ದು ಆಂಪ್‌ನಿಂದಲೋ (ವಾದ್ಯದ ಸದ್ದು ಏರಿಸುವ ಸ್ಪೀಕರ್ ಪೆಟ್ಟಿಗೆ) ಡಿಐ ಬಾಕ್ಸ್‌ನಿಂದಲೋ (ವಾದ್ಯವನ್ನು ನೇರ ಮಿಕ್ಸರ್‌ಗೆ ಸೇರಿಸುವ ಡಬ್ಬಿ), ಯಾರು ಯಾರು ಹಾಡುತ್ತೀರಿ. ಅಷ್ಟು ಸಾಕು. ಡ್ರಮ್ ಸೆಟ್ ಅಲ್ಲೇ ಇದ್ದರೂ ಸ್ನೇರ್ ಡ್ರಮ್, ಸಿಂಬಲ್, ದೊಡ್ಡ ಡ್ರಮ್ಮನ್ನು ಕಾಲಿನಿಂದ ಬಾರಿಸುವ ಕಿಕ್ ಪೆಡಲ್ ಮಾತ್ರ ಡ್ರಮ್ಮರ್ ತನ್ನದೇ ತರುವುದು ವಾಡಿಕೆ. ನಿಮ್ಮ ಹುಡುಗನಿಗೆ ಇದು ಗೊತ್ತಾ, ಕೇಳು.

ಪೂರ್ತಿ ಸೌಂಡ್ ಚೆಕ್ ಸಿಗುತ್ತದೆ ಅಂತ ಕಾಯಬೇಡಿ. ಸಿಗುವುದು ಲೈನ್ ಚೆಕ್ ಅಷ್ಟೇ. ಒಂದೊಂದೇ ವಾದ್ಯದ ಸದ್ದು ಮಿಕ್ಸರ್‌ಗೆ ಬರುತ್ತಿದೆಯಾ ಅಂತ ನೋಡಿ, ಶುರು ಮಾಡಿ ಅಂದುಬಿಡುತ್ತಾರೆ. ಮಿಕ್ಸರ್ ಹಿಂದಿನ ಸೌಂಡ್ ಎಂಜಿನಿಯರ್ ಕಿಕ್ ಡ್ರಮ್ ಕೇಳುತ್ತಿರುವಾಗ ಗಿಟಾರಿಸ್ಟ್ ತನ್ನ ಇಷ್ಟದ ಸೋಲೋ ನುಡಿಸುತ್ತಾ ನಿಂತಿರುತ್ತಾನೆ. ಇದು ಎಲ್ಲ ಬ್ಯಾಂಡಿಗೂ ಇರುವ ಕಾಯಿಲೆ, ಔಷಧ ನನಗಿನ್ನೂ ಸಿಕ್ಕಿಲ್ಲ. ನಿನ್ನ ಸರದಿ ಬರುವ ತನಕ ತಂತಿಯ ಮೇಲೆ ಅಂಗೈ ಇಟ್ಟುಕೊಂಡು ನಿಲ್ಲು.

ಈಗ ನಿನಗೆ ಕೋಪ ಬರುವ ಮಾತು. ನಿನ್ನ ಆಂಪ್‌ನ ಸದ್ದು ಕಡಿಮೆ ಮಾಡು. ರಾಕ್ ಅಂದರೆ ಜೋರು ಅಂತ ನೀನು ವಾದ ಮಾಡುತ್ತೀಯ, ಗೊತ್ತು. ಜೋರು ಬೇಕಾದದ್ದು ಜನರ ಕಡೆ. ಅದಕ್ಕೆ ದೊಡ್ಡ ಸ್ಪೀಕರ್‌ಗಳಿವೆ, ಅದನ್ನು ನಡೆಸಲು ಒಬ್ಬರು ಕೂತಿದ್ದಾರೆ. ವೇದಿಕೆಯ ಮೇಲೇ ಆಂಪ್ ಕೂಗಿದರೆ ಆ ಸದ್ದು ಹಾಡುವವರ ಮೈಕಿಗೂ ನುಗ್ಗುತ್ತದೆ. ಆಗ ಎಂಜಿನಿಯರ್ ಹಾಡಿನ ದನಿ ಏರಿಸಿದರೆ ಗಿಟಾರೂ ಜೊತೆಗೇ ಏರುತ್ತದೆ. ಅವನಿಗೆ ಬೇರೆ ದಾರಿಯೇ ಇಲ್ಲ. ಆಮೇಲೆ ನಿಮಗೆ ನಿಮ್ಮ ದನಿ ಕೇಳಿಸುವುದಿಲ್ಲ, ಮಾನಿಟರ್ (ನಿಮ್ಮ ಕಡೆ ಮುಖ ಮಾಡಿದ ಸ್ಪೀಕರ್) ಜಾಸ್ತಿ ಮಾಡಿ ಅನ್ನುತ್ತೀರಿ. ಅದು ಕೀ ಅಂತ ಕಿರುಚಲು ಶುರುಮಾಡುತ್ತದೆ. ಎದುರಿಗೆ ನಿಂತವರು 'ಸೌಂಡ್‌ನವನು ಸರಿಯಿಲ್ಲ' ಅಂತ ತೀರ್ಮಾನಿಸುತ್ತಾರೆ.

ಹೆಚ್ಚಿನವರು ಆಂಪ್ ಏರಿಸುವುದು ಹಟದಿಂದಲ್ಲ, ಅದು ಕೇಳಿಸುವುದಿಲ್ಲ ಅಂತ. ಗಿಟಾರ್ ಸ್ಪೀಕರಿನ ಚೂಪು ಸದ್ದು ನೇರ ಮುಂದಕ್ಕೆ ಹೋಗುತ್ತದೆ. ಆಂಪ್ ನೆಲದ ಮೇಲೆ ಕೂತಿರುತ್ತದೆ, ನಿನ್ನ ಕಿವಿ ಮೇಲಿರುತ್ತದೆ. ಹಾಗಾಗಿ ಆ ಸದ್ದು ನಿನ್ನ ಕಾಲ ಪಕ್ಕದಿಂದ ಹಾದು ಮುಂದಿನ ಸಾಲಿನವರ ಕಿವಿ ಕೊರೆಯುತ್ತದೆ. ಆಂಪನ್ನು ಹಿಂದಕ್ಕೆ ವಾಲಿಸಿ, ಮುಖ ನಿನ್ನ ಕಿವಿಯ ಕಡೆ ಬರುವ ಹಾಗೆ ಇಡು. ಆಗ ನೀನೇ ಕೈಯಾರೆ ಇಳಿಸುತ್ತೀಯ.

ಹಾಡುವಾಗ ಮೈಕಿನ ತಲೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯಬೇಡ. ನೋಡಲು ಚೆನ್ನಾಗಿರುತ್ತದೆ, ಒಪ್ಪುತ್ತೇನೆ. ಆದರೆ ವೇದಿಕೆಯ ಮೈಕ್‌ಗಳು ಹಿಂದಿನ ಸದ್ದನ್ನು ಕಡಿಮೆ ಹಿಡಿಯುವಂತೆ ಮಾಡಿದವು. ಮುಚ್ಚಿದರೆ ಆ ಗುಣವೇ ಹೋಗುತ್ತದೆ, ಎಲ್ಲ ಕಡೆಯಿಂದಲೂ ಸದ್ದು ಹೀರಿಕೊಳ್ಳುತ್ತದೆ, ಮಾನಿಟರ್ ತಕ್ಷಣ ಕಿರುಚುತ್ತದೆ.

ಬಯಲು ವೇದಿಕೆಯಾದರೆ ಇನ್ನೆರಡು ಸಂಗತಿ. ಬಿಸಿಲಿಗೆ ಉಕ್ಕಿನ ತಂತಿ ಹಿಗ್ಗಿ ಶ್ರುತಿ ಇಳಿಯುತ್ತದೆ. ನೆರಳಲ್ಲಿ ಟ್ಯೂನ್ ಮಾಡಿ ಬಿಸಿಲಿಗೆ ಬಂದರೆ ಎಲ್ಲವೂ ಸಡಿಲ. ವೇದಿಕೆಯ ಮೇಲೆ ನಿಂತ ಮೇಲೇ ಇನ್ನೊಮ್ಮೆ ನೋಡಿಕೋ. ಇನ್ನೊಂದು, ಶಬ್ದ ಹೋಗುವುದು ಸೆಕೆಂಡಿಗೆ ಸುಮಾರು 340 ಮೀಟರ್. ಎದುರಿಗೆ 50 ಮೀಟರ್ ಆಚೆ ಗೋಡೆ ಇದ್ದರೆ ನಿಮ್ಮ ಸದ್ದು ಬಡಿದು ವಾಪಸ್ ಬರಲು 0.3 ಸೆಕೆಂಡ್ ಬೇಕು. ನಿಮಿಷಕ್ಕೆ 120 ಬೀಟ್ ಇರುವ ಹಾಡಿನಲ್ಲಿ ಬೀಟಿಗೂ ಬೀಟಿಗೂ ಅರ್ಧ ಸೆಕೆಂಡ್ ಮಾತ್ರ. ಆ ಪ್ರತಿಧ್ವನಿಯನ್ನು ಹಿಡಿದು ನುಡಿಸಿದರೆ ತಾಳ ಕೆಟ್ಟಿತು ಅಂತಲೇ. ಡ್ರಮ್ಮರ್ ಕಡೆಗೆ ಕಿವಿ ಇಡು, ಬಯಲಿನ ಕಡೆಗಲ್ಲ.

ಮೈಕ್ ತುಟಿಗೆ ತಾಗಿದಾಗ ಚುಳ್ ಅಂದರೆ ಹಾಡು ನಿಲ್ಲಿಸು. ಯಾರು ಏನಂದುಕೊಂಡರೂ ಪರವಾಗಿಲ್ಲ. ಆಂಪಿಗೋ ಸೌಂಡ್ ಸಿಸ್ಟಮ್‌ಗೋ ಅರ್ಥಿಂಗ್ ಸರಿಯಿಲ್ಲದಿದ್ದರೆ ಗಿಟಾರ್ ತಂತಿಗೂ ಮೈಕಿಗೂ ನಡುವೆ ಕರೆಂಟ್ ನಿನ್ನ ಮೈಯೊಳಗೇ ಹರಿಯುತ್ತದೆ. ಸ್ಟೋನ್ ದ ಕ್ರೋಸ್ ಬ್ಯಾಂಡಿನ ಗಿಟಾರಿಸ್ಟ್ ಲೆಸ್ ಹಾರ್ವೆ 1972ರಲ್ಲಿ ವೇಲ್ಸಿನ ಸ್ವಾನ್ಸಿಯಲ್ಲಿ ವೇದಿಕೆಯ ಮೇಲೆ ಮೈಕ್ ಮುಟ್ಟಿ ತೀರಿಹೋದರು. ಮಳೆ ಹನಿ ಬಿದ್ದರೂ ಅಷ್ಟೇ, ಮೊದಲು ಕೆಳಗಿಳಿ. ಇದರಲ್ಲಿ ವಾದ ಬೇಡ.

ಕಿವಿಗೆ ಪ್ಲಗ್ ಹಾಕಿಕೊಳ್ಳಿ, ಎಲ್ಲರೂ. ಕೆಲಸಗಾರರ ಆರೋಗ್ಯ ನೋಡುವ ಅಮೆರಿಕದ ನಯೋಷ್ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಪ್ರತಿ 3 ಡೆಸಿಬೆಲ್ ಏರಿದಾಗಲೂ ಆ ಹೊತ್ತು ಅರ್ಧವಾಗುತ್ತದೆ. 100 ಡೆಸಿಬೆಲ್‌ಗೆ ಬರುವಷ್ಟರಲ್ಲಿ ಉಳಿಯುವುದು 15 ನಿಮಿಷ. ಡ್ರಮ್ ಪಕ್ಕದಲ್ಲಿ ಅಷ್ಟು ಸದ್ದು ಸುಲಭವಾಗಿ ಆಗುತ್ತದೆ. ಸಂಗೀತಗಾರರಿಗೆ ಅಂತಲೇ ಮಾಡಿದ ಪ್ಲಗ್ ಸಿಗುತ್ತವೆ, ಸದ್ದು ಮಂಕಾಗುವುದಿಲ್ಲ, ಕಡಿಮೆಯಾಗುತ್ತದೆ ಅಷ್ಟೇ.

ಜನ ಕಡಿಮೆ ಇದ್ದರೆ ಮುಖ ಸಪ್ಪೆ ಮಾಡಿಕೊಳ್ಳಬೇಡ. 1969ರಲ್ಲಿ ಅಮೆರಿಕದ ವುಡ್‌ಸ್ಟಾಕ್ ಸಂಗೀತೋತ್ಸವದಲ್ಲಿ ಗಿಟಾರಿಸ್ಟ್ ಜಿಮಿ ಹೆಂಡ್ರಿಕ್ಸ್ ವೇದಿಕೆಗೆ ಬಂದದ್ದು ಸೋಮವಾರ ಬೆಳಿಗ್ಗೆ. ಅಷ್ಟು ಹೊತ್ತಿಗೆ ಹೆಚ್ಚಿನ ಜನ ಮನೆಗೆ ಹೊರಟಿದ್ದರು. ಇವತ್ತಿಗೂ ಆ ಉತ್ಸವ ಅಂದರೆ ಜನರಿಗೆ ನೆನಪಾಗುವುದರಲ್ಲಿ ಅವರ ಗಿಟಾರ್ ಒಂದು. ನಿಮ್ಮದು ಸಮುದಾಯದ ಉತ್ಸವ, ಮುಂದೆ ಕೂತವರಲ್ಲಿ ಅರ್ಧ ಜನ ಬೇರೆ ಯಾರನ್ನೋ ಕೇಳಲು ಬಂದವರು, ಮಕ್ಕಳನ್ನು ಹಿಡಿದುಕೊಂಡು ಬಂದವರು, ರಾಕ್ ಯಾವತ್ತೂ ಕೇಳದ ಅಜ್ಜಂದಿರು. ನನ್ನನ್ನು ಕೇಳಿದರೆ ಅಭಿಮಾನಿಗಳ ಎದುರು ನುಡಿಸುವುದಕ್ಕಿಂತ ಇದು ಕಷ್ಟ, ಇದೇ ಹೆಚ್ಚು ಮಜಾ. ಅವರು ಕಿವಿ ಮುಚ್ಚಿಕೊಂಡರೆ ತಪ್ಪು ರಾಕ್‌ದಲ್ಲ, ಮೇಲೆ ಹೇಳಿದೆನಲ್ಲ, ಆ ಆಂಪ್‌ದು.

ಐದರಲ್ಲಿ ಮೂರಾದರೂ ನಿಮ್ಮದೇ ಹಾಡಿರಲಿ. ಗೊತ್ತಿರುವ ಹಾಡಿಗೆ ಚಪ್ಪಾಳೆ ಬೇಗ ಬೀಳುತ್ತದೆ, ನಿಜ. ಆದರೆ ಊರವರ ಬ್ಯಾಂಡ್ ಅಂತ ಕರೆಸುವುದು ನಿಮ್ಮ ಹಾಡು ಕೇಳುವುದಕ್ಕೆ. ಬೇರೆಯವರ ಹಾಡಿನ ಪರವಾನಗಿ ಸಾಮಾನ್ಯವಾಗಿ ಆಯೋಜಕರ ಜವಾಬ್ದಾರಿ, ಆದರೂ ಒಂದು ಮಾತು ಕೇಳಿಬಿಡು. ವಿಡಿಯೋ ಹಾಕುವುದಾದರೆ ಅದರ ಅನುಮತಿ ಬೇರೆ.

ಮುಗಿದ ಮೇಲೆ ಮೊದಲು ಸಾಮಾನು ಕೆಳಗಿಳಿಸಿ, ಪೆಡಲ್ ಬಿಚ್ಚುವುದು, ಕೇಬಲ್ ಸುತ್ತುವುದು, ಗೆಳೆಯರನ್ನು ತಬ್ಬಿಕೊಳ್ಳುವುದು ಎಲ್ಲ ಕೆಳಗೆ. ಮುಂದಿನವರು ಏಣಿಯ ಹತ್ತಿರ ಕಾಯುತ್ತಿರುತ್ತಾರೆ. ಮಿಕ್ಸರ್‌ನವರ ಹೆಸರು ಕೇಳಿಕೊಂಡು ಮೈಕಿನಲ್ಲಿ ಒಂದು ಥ್ಯಾಂಕ್ಸ್ ಹೇಳಿದರೆ ಮುಂದಿನ ವರ್ಷ ಅವರೇ ನಿಮ್ಮ ಬ್ಯಾಂಡಿನ ಹೆಸರು ಸೂಚಿಸಬಹುದು. ಹಾಗೇ ನಿಮ್ಮದು ಮುಗಿಯಿತು ಅಂತ ಹೊರಡಬೇಡಿ. ಕೊನೆಯ ಬ್ಯಾಂಡಿನ ತನಕ ನಿಂತು ಕೇಳಿ.

ಐದು ಹಾಡು ಆರಿಸಿದ ಮೇಲೆ ಪಟ್ಟಿ ನನಗೂ ಕಳಿಸು. ವೇದಿಕೆಯ ಚಿತ್ರ ಬರೆದರೆ ಅದನ್ನೂ ಕಳಿಸು, ನೋಡಿ ಹೇಳುತ್ತೇನೆ. ನಿಮ್ಮ ಬಾಸ್ ಹುಡುಗನ ಕೇಬಲ್ ಕರ್ರ್ ಅನ್ನುತ್ತಿತ್ತು, ಬದಲಾಯಿಸಿದನಾ?

ಇಂತಿ,
ನಿನ್ನ ಮಾವ