ಅದಿಂಕ್ರಾ ಮತ್ತು ಕೆಂಟೆ ಮಾದರಿಯ ಕಾಲುಚೀಲಗಳನ್ನು ನಿಲ್ಲಿಸುತ್ತಿರುವ ಕುರಿತು

ಮಾನ್ಯ ಗ್ರಾಹಕರೇ,

ಘಾನಾದ ರಾಜಧಾನಿ ಅಕ್ರಾದಲ್ಲಿರುವ ನಮ್ಮ ಹೆಣಿಗೆ ಘಟಕದಲ್ಲಿ ತಯಾರಾಗುವ ಬಣ್ಣದ ಕಾಲುಚೀಲಗಳ ಪೈಕಿ ಒಂದೊಂದು ಅರ್ಥವನ್ನು ಸಾರುವ ಇಲ್ಲಿನ ಅದಿಂಕ್ರಾ ಚಿಹ್ನೆಗಳಿರುವವನ್ನೂ, ಕೈಮಗ್ಗದ ಕೆಂಟೆ ಬಟ್ಟೆಯ ಮಾದರಿಯವನ್ನೂ ಇನ್ನು ಮುಂದೆ ಹೆಣೆಯುವುದಿಲ್ಲವೆಂದು ತೀರ್ಮಾನಿಸಿದ್ದೇವೆ. ಚೆನ್ನಾಗಿ ಮಾರಾಟವಾಗುತ್ತಿದ್ದ ಮಾದರಿಗಳನ್ನೇ ಕೈಬಿಡುವುದೇಕೆ ಎಂದು ತಾವು ಕೇಳುವುದು ಸಹಜವಾದ್ದರಿಂದ ಕಾರಣಗಳನ್ನು ಇಲ್ಲಿ ತಿಳಿಸುತ್ತಿದ್ದೇವೆ.

ಅದಿಂಕ್ರಾ ಚಿಹ್ನೆಗಳಲ್ಲಿ ತಾವು ಹೆಚ್ಚಾಗಿ ತರಿಸಿಕೊಳ್ಳುತ್ತಿದ್ದ ಜೆ ನ್ಯಾಮೆಯು ದೇವರ ಪರಮಾಧಿಕಾರವನ್ನು ಸಾರುವಂಥದ್ದು. ಕುಮಾಸಿ ನಗರದ ಬಳಿಯ ಎಂಟೊನ್ಸೊ ಊರಿನಲ್ಲಿ ಮರದ ತೊಗಟೆಯನ್ನು ಮಂದವಾಗುವವರೆಗೆ ಕುದಿಸಿ ಕಪ್ಪು ಬಣ್ಣ ತೆಗೆದು, ಸೋರೆಬುರುಡೆಯ ಚಿಪ್ಪಿನಲ್ಲಿ ಕೆತ್ತಿದ ಇಂಥ ಚಿಹ್ನೆಗಳ ಅಚ್ಚನ್ನು ಅದರಲ್ಲಿ ಅದ್ದಿ ಬಟ್ಟೆಯ ಮೇಲೆ ಒಂದೊಂದಾಗಿ ಒತ್ತುತ್ತಾರೆ. ಆ ಭಾಗದ ಅಸಾಂತೆ ಜನರು ಆ ಬಟ್ಟೆಯನ್ನು ಹಿಂದಿನಿಂದಲೂ ಮುಖ್ಯವಾಗಿ ಉತ್ತರಕ್ರಿಯೆಯ ಸಂದರ್ಭದಲ್ಲಿ ಹೊದ್ದುಕೊಳ್ಳುತ್ತಾ ಬಂದಿದ್ದಾರೆ. ಅರಸನ ಎದುರು ಚಪ್ಪಲಿ ಕಳಚಿ, ಹೆಗಲ ಮೇಲಿನ ಬಟ್ಟೆಯನ್ನು ಇಳಿಸಿ ನಿಲ್ಲುವ ರೂಢಿಯಿರುವ ಈ ನಾಡಿನಲ್ಲಿ ಅಂಥ ಚಿಹ್ನೆ ಅಂಗಾಲಿನಡಿ ಬರುವುದು ಉಚಿತವಲ್ಲವೆಂಬುದು ನಮ್ಮ ಅಭಿಪ್ರಾಯ.

ಕಾನೂನಿನ ಮಾತೂ ಇದೆ. ಘಾನಾದ 2005ರ ಹಕ್ಕುಸ್ವಾಮ್ಯ ಕಾಯ್ದೆಯು, ಮೂಲ ರಚನಕಾರರು ಯಾರೆಂದು ತಿಳಿಯದ ಕೆಂಟೆ ಮತ್ತು ಅದಿಂಕ್ರಾ ವಿನ್ಯಾಸಗಳನ್ನು ಜಾನಪದ ಸಂಪತ್ತೆಂದು ಪರಿಗಣಿಸಿ, ಅವುಗಳ ಹಕ್ಕನ್ನು ಜನತೆಯ ಪರವಾಗಿ ರಾಷ್ಟ್ರಾಧ್ಯಕ್ಷರಲ್ಲಿ ಇರಿಸಿದೆ. ಕೆಂಟೆ ನೇಯ್ಗೆಯ ಕುಶಲತೆ 2024ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಯನ್ನೂ ಸೇರಿತು. ಕೆಂಟೆಗೆ ಹೆಸರಾದ ಬೊನ್ವಿರೆ ಊರಿನ ನೇಕಾರರು ಸುಮಾರು ನಾಲ್ಕು ಅಂಗುಲ ಅಗಲದ ಪಟ್ಟಿಗಳನ್ನು ಕೈಮಗ್ಗದಲ್ಲಿ ನೇಯ್ದು, ಅಂಚಿಗೆ ಅಂಚು ಸೇರಿಸಿ ಹೊಲಿದು ಮಾಡುವ ಬಟ್ಟೆಯ ಸೊಬಗು ಯಂತ್ರದ ಹೆಣಿಗೆಯಲ್ಲಿ ಹೇಗೂ ಮೂಡುವುದಿಲ್ಲ. ಕೊಂಡವರು ಮೆಚ್ಚಿದರೂ ನಮ್ಮ ಕೆಂಟೆ ಮಾದರಿ ನಮಗೆ ಎಂದೂ ತೃಪ್ತಿ ಕೊಟ್ಟಿರಲಿಲ್ಲ.

ಇವುಗಳ ಬದಲಿಗೆ ಬೀದಿಯ ಆಡುಮಾತನ್ನು ಹೆಣೆಯುತ್ತಿದ್ದೇವೆ. ಅಕ್ರಾದಲ್ಲಿ ಗೆಳೆಯನನ್ನು ಕೂಗುವ ‘ಚಾಲೆ’, ನೈಜೀರಿಯಾದವರು ತಂಟೆ ತಾಪತ್ರಯಕ್ಕೆಲ್ಲ ಬಳಸುವ ‘ವಹಾಲಾ’, ಲಾಗೋಸಿನಲ್ಲಿ ಪ್ರಯಾಣಿಕರನ್ನು ಒಯ್ಯುವ ಡಾನ್ಫೊ ವ್ಯಾನುಗಳ ಹಳದಿ ಮೈ ಮತ್ತು ಕಪ್ಪು ಪಟ್ಟೆ, ಇವು ಮೊದಲ ಕಂತಿನಲ್ಲಿವೆ. ಇನ್ನೊಂದು ಜೋಡಿಯಲ್ಲಿ ಘಾನಾದಲ್ಲಿ ಪ್ರಯಾಣಿಕರನ್ನು ಒಯ್ಯುವ ಟ್ರೋಟ್ರೋ ವ್ಯಾನಿನ ‘ಮೇಟ್’, ಅಂದರೆ ನಿರ್ವಾಹಕ, ಬಾಗಿಲಲ್ಲಿ ಜೋತುಬಿದ್ದು ‘ಸರ್ಕ್, ಸರ್ಕ್’ ಎಂದು ಕೂಗುತ್ತಾ ಅಕ್ರಾದ ದೊಡ್ಡ ವೃತ್ತವಾದ ಎನ್‌ಕ್ರುಮಾ ಸರ್ಕಲ್‌ ಕಡೆಗೆಂದು ಬೆರಳು ಸುತ್ತಿಸಿ ತೋರಿಸುವ ಸನ್ನೆಯಿದೆ. (ನಮ್ಮ ಘಟಕದಲ್ಲಿ ಎಲ್ಲರೂ ಮೊದಲು ಎತ್ತಿಕೊಂಡದ್ದು ಇದನ್ನೇ.) ಕಾಲುಚೀಲದ ಸುತ್ತಳತೆಗೆ ಸಿಗುವ ಹೊಲಿಗೆಗಳು ಕಡಿಮೆ, ಉದ್ದದ ಮಾತನ್ನು ತುರುಕಿದರೆ ಅಕ್ಷರಗಳ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಆದ್ದರಿಂದ ಚಿಕ್ಕ ಪದಗಳನ್ನೇ ಆರಿಸಿದ್ದೇವೆ. ಬಣ್ಣಗಳನ್ನು ಮಿತಗೊಳಿಸಿರುವುದರಿಂದ ಒಳಮೈಯಲ್ಲಿ ಜೋತಾಡುವ ಎಳೆಗಳೂ ತಗ್ಗಿದ್ದು, ಹಾಕಿಕೊಳ್ಳುವಾಗ ಬೆರಳು ಸಿಕ್ಕಿಕೊಳ್ಳುವ ಕಿರಿಕಿರಿ ಕಡಿಮೆಯಾಗಲಿದೆ.

ಬೆಲೆಯಲ್ಲಿಯೂ ಅಳತೆಗಳಲ್ಲಿಯೂ ಬದಲಾವಣೆಯಿಲ್ಲ. ಹಳೆಯ ಮಾದರಿಗಳಿಗೆ ಹಣ ಪಾವತಿಸಿ ಕಾಯುತ್ತಿರುವವರು ಹೊಸ ಜೋಡಿಗಳನ್ನು ಆರಿಸಿಕೊಳ್ಳಬಹುದು, ಇಲ್ಲವೇ ಪೂರ್ತಿ ಹಣವನ್ನು ಹಿಂಪಡೆಯಬಹುದು. ಉಡುಗೊರೆಗಾಗಿ ಜೆ ನ್ಯಾಮೆ ಚಿಹ್ನೆಯೇ ಬೇಕೆನ್ನುವವರಿಗೆ, ಎಂಟೊನ್ಸೊದಲ್ಲಿ ಅಚ್ಚೊತ್ತಿದ ಬಟ್ಟೆಯನ್ನು ಅಲ್ಲಿನ ಕುಶಲಕರ್ಮಿಗಳಿಂದಲೇ ನೇರವಾಗಿ ಕೊಳ್ಳುವಂತೆ ಶಿಫಾರಸು ಮಾಡುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಹೆಣಿಗೆ ಘಟಕದ ಪರವಾಗಿ, ಅಕ್ರಾ