ಎಕ್ಸ್‌ರೇ ಚೀಟಿಯಲ್ಲಿ ರೋಗಿಯ ಕೆಲಸವನ್ನೂ ಬರೆಯಿರಿ

ಮಾನ್ಯ ಸಂಪಾದಕರೆ,

ನನ್ನ ಅಣ್ಣ ಇಪ್ಪತ್ತೆರಡು ವರ್ಷ ಖಡಿ ಮಷಿನ್ನಿನಲ್ಲಿ, ಅಂದರೆ ಕಲ್ಲು ಒಡೆದು ಜಲ್ಲಿ ಮಾಡುವ ಘಟಕದಲ್ಲಿ ದುಡಿದವರು. ನಾಲ್ಕು ವರ್ಷದ ಹಿಂದೆ ಒಣಕೆಮ್ಮು ಹತ್ತಿ, ದಿಬ್ಬ ಏರಿದರೆ ಉಸಿರು ಸಾಲದಂತಾದಾಗ ಎದೆಯ ಎಕ್ಸ್‌ರೇ ತೆಗೆಸಿದೆವು. ಎರಡೂ ಶ್ವಾಸಕೋಶಗಳ ಮೇಲ್ಭಾಗದಲ್ಲಿ ನವಣೆ ಕಾಳು ಚೆಲ್ಲಿದಂತೆ ಬಿಳಿ ಚುಕ್ಕೆಗಳಿದ್ದವು. ನೋಡಿದವರು ಟಿ.ಬಿ. ಎಂದರು. ಕಫದ ಪರೀಕ್ಷೆಯಲ್ಲಿ ಎರಡು ಸಲವೂ ಕ್ಷಯದ ರೋಗಾಣು ಸಿಗಲಿಲ್ಲವಾದರೂ ಚಿತ್ರವನ್ನೇ ನಂಬಿ ಆರು ತಿಂಗಳ ಔಷಧ ಶುರು ಮಾಡಿದರು. ಮೂತ್ರ ಕೆಂಪಗೆ ಹೋಗುವುದನ್ನು ಕಂಡು ಹೆದರಿದ ಅತ್ತಿಗೆಗೆ, ಅದು ಗುಳಿಗೆಯ ಬಣ್ಣವೆಂದು ನಾನೇ ಧೈರ್ಯ ಹೇಳಿದ್ದೆ. ಅಣ್ಣ ಒಂದು ದಿನವೂ ಗುಳಿಗೆ ತಪ್ಪಿಸಲಿಲ್ಲ, ಕೆಮ್ಮು ಇದ್ದಲ್ಲೇ ಇತ್ತು.

ಕೊನೆಗೆ ಹುಬ್ಬಳ್ಳಿಯಲ್ಲಿ ಇನ್ನೊಬ್ಬ ವೈದ್ಯರು ಅದೇ ಫಿಲ್ಮನ್ನು ಬೆಳಕಿಗೆ ಹಿಡಿದು ಕೇಳಿದ ಮೊದಲ ಪ್ರಶ್ನೆ, “ಯಜಮಾನ್ರ, ನೀವು ಏನ್ ದಗದಾ ಮಾಡ್ತಿದ್ರಿ?” ಎಂಬುದು. ಉತ್ತರ ಕೇಳಿದ ಮೇಲೆ ಸಿ.ಟಿ. ಸ್ಕ್ಯಾನ್ ಮಾಡಿಸಿ, ಇದು ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್ ಎಂದು ತಿಳಿಸಿದರು.

ಎಕ್ಸ್‌ರೇ ಎಂದರೆ ನೆರಳಿನ ಚಿತ್ರ. ಗಾಳಿ ತುಂಬಿದ ಶ್ವಾಸಕೋಶದ ಮೂಲಕ ಕಿರಣಗಳು ಸರಾಗವಾಗಿ ಹಾಯುವುದರಿಂದ ಅದು ಕಪ್ಪಾಗಿ ಕಾಣುತ್ತದೆ, ಅವುಗಳನ್ನು ತಡೆಯುವ ಎಲುಬು ಬಿಳಿಯಾಗಿ ಕಾಣುತ್ತದೆ. ನ್ಯುಮೋನಿಯಾದ ಕೀವು, ಪಕ್ಕೆಲುಬಿನ ಕೆಳಗೆ ನಿಂತ ನೀರು, ಎಂದೋ ವಾಸಿಯಾದ ಕ್ಷಯದ ಗಾಯದ ಗುರುತು, ಗೆಡ್ಡೆ, ಎಲ್ಲವೂ ಬಿಳಿಯೇ. ಗಾಳಿ ಇರಬೇಕಾದ ಜಾಗದಲ್ಲಿ ಬೇರೇನೋ ಇದೆ ಎಂದು ಆ ಬಿಳುಪು ಹೇಳಬಲ್ಲದು. ಅದು ಏನು ಎಂಬುದನ್ನು ಎಷ್ಟೋ ಸಲ ಹೇಳಲಾರದು. ಸಿಲಿಕೋಸಿಸ್‌ನ ಗಂಟುಗಳೂ ಕ್ಷಯವೂ ಹೆಚ್ಚಾಗಿ ಶ್ವಾಸಕೋಶದ ಮೇಲ್ಭಾಗವನ್ನೇ ಹಿಡಿಯುತ್ತವೆ. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ತಗಲುವ ಸಾಧ್ಯತೆಯೂ ಬೇರೆಯವರಿಗಿಂತ ಹೆಚ್ಚು. ಆದ್ದರಿಂದ ಕ್ಷಯವೆಂದು ಸಂಶಯಪಟ್ಟ ಮೊದಲ ವೈದ್ಯರನ್ನು ನಾನು ದೂರುವುದಿಲ್ಲ. ಯಾರೂ ಅಣ್ಣನ ಕೆಲಸ ಯಾವುದೆಂದು ಕೇಳಲಿಲ್ಲವಲ್ಲ, ಅದು ನನ್ನನ್ನು ಇಂದಿಗೂ ಸುಡುತ್ತದೆ.

ಇದಕ್ಕೆ ತದ್ವಿರುದ್ಧವಾದದ್ದೂ ಉಂಟು. ಹತ್ತಿಯ ಧೂಳಿನಲ್ಲಿ ದುಡಿಯುವವರಿಗೆ ಬರುವ ಬಿಸಿನೋಸಿಸ್‌ನಲ್ಲಿ, ರಜೆ ಮುಗಿಸಿ ಕೆಲಸಕ್ಕೆ ಮರಳಿದ ದಿನವೇ ಎದೆ ಬಿಗಿಯುತ್ತದೆ, ಎಕ್ಸ್‌ರೇ ಮಾತ್ರ ಬಹುಪಾಲು ಸ್ವಚ್ಛವಾಗಿರುತ್ತದೆ. ಗದಗ, ಹಾವೇರಿ, ಹುಬ್ಬಳ್ಳಿಯ ಸುತ್ತ ಜಿನ್ನಿಂಗ್ ಮಿಲ್‌ಗಳಲ್ಲಿ ಹತ್ತಿಯ ನಡುವೆ ದುಡಿದವರಿಗೆ ‘ಚಿತ್ರದಲ್ಲಿ ಏನೂ ಇಲ್ಲ, ಮನೆಗೆ ಹೋಗಿ’ ಎಂದರೆ ಅವರು ಯಾರ ಹತ್ತಿರ ಹೋಗಬೇಕು?

ಅಣ್ಣನ ಎಕ್ಸ್‌ರೇ ಚೀಟಿ ನನ್ನ ಮುಂದಿದೆ. ಹೆಸರು, ವಯಸ್ಸು, ಗಂಡೋ ಹೆಣ್ಣೋ, ದೇಹದ ಯಾವ ಭಾಗ, ಇಷ್ಟನ್ನೇ ಅದು ಕೇಳುತ್ತದೆ. ಇದರಲ್ಲಿ ‘ಕೆಲಸ ಏನು, ಎಷ್ಟು ವರ್ಷ’ ಎಂಬ ಒಂದು ಸಾಲನ್ನು ಸೇರಿಸಬೇಕೆಂದು ಧಾರವಾಡ, ಗದಗ ಮತ್ತು ಹಾವೇರಿ ಜಿಲ್ಲೆಗಳ ಆರೋಗ್ಯ ಇಲಾಖೆಯನ್ನು ವಿನಂತಿಸುತ್ತೇನೆ. ಹಳೆಯ ಫಿಲ್ಮ್ ಇದೆಯೇ ಎಂದೂ ಅಲ್ಲೇ ಕೇಳಲಿ. ಹೊಸ ಚಿತ್ರವನ್ನು ಹಳೆಯದರ ಪಕ್ಕದಲ್ಲಿಟ್ಟಾಗಲೇ ಕಲೆ ಮೊದಲಿನಿಂದ ಇದ್ದದ್ದೋ, ಈಗ ಬೆಳೆಯುತ್ತಿರುವುದೋ ಎಂಬುದು ತಿಳಿಯುತ್ತದೆ. ಅಣ್ಣನಿಗೆ ಹಿಂದೆ ಹರ್ನಿಯಾ ಆಪರೇಷನ್‌ಗೆ ಮುನ್ನ ತೆಗೆದ ಒಂದು ಫಿಲ್ಮ್ ಮನೆಯಲ್ಲಿತ್ತು. 2019ರ ಡಿಸೆಂಬರ್ 26ರ ಸೂರ್ಯಗ್ರಹಣ ನೋಡಲೆಂದು ಮಕ್ಕಳು ಅದನ್ನು ಕತ್ತರಿಸಿ ಹಂಚಿಕೊಂಡರು. ಅದು ಕಣ್ಣಿಗೂ ಅಪಾಯವೆಂದು ಆಗ ನಮಗೆ ತಿಳಿದಿರಲಿಲ್ಲ. ಈಗ ಅನೇಕ ಕಡೆ ಫಿಲ್ಮಿನ ಬದಲು ಕಾಗದದ ಮೇಲೆ ಮುದ್ರಿಸಿ ಕೊಡುತ್ತಾರೆ, ಇಲ್ಲವೇ ಮೊಬೈಲಿಗೆ ಫೋಟೊ ಕಳಿಸುತ್ತಾರೆ. ಅವುಗಳಲ್ಲಿ ಸಣ್ಣ ಚುಕ್ಕೆಗಳು ಅಳಿಸಿಹೋಗಬಹುದು. ಮೂಲ ಚಿತ್ರವನ್ನೂ ಲಿಖಿತ ವರದಿಯನ್ನೂ ರೋಗಿಯ ಕೈಗೆ ಕೊಡಬೇಕು.

ಸಿಲಿಕೋಸಿಸ್‌ಗೆ ವಾಸಿ ಮಾಡುವ ಮದ್ದಿಲ್ಲ, ಧೂಳಿನಿಂದ ದೂರವಾದ ಮೇಲೂ ಅದು ಮುಂದುವರಿಯಬಹುದು. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿ ಈ ರೋಗದ ಹೆಸರಿತ್ತು. ಕಾರ್ಖಾನೆಯ ಕೆಲಸಗಾರನಲ್ಲಿ ಇದು ಕಂಡುಬಂದರೆ ಚಿಕಿತ್ಸೆ ಮಾಡುವ ವೈದ್ಯರು ಕಾರ್ಖಾನೆಗಳ ಮುಖ್ಯ ನಿರೀಕ್ಷಕರಿಗೆ ವರದಿ ಮಾಡಬೇಕೆಂದು ಅದರ 89ನೆಯ ಕಲಮು ಹೇಳುತ್ತಿತ್ತು. ಆ ಕಾಯ್ದೆಯ ಬದಲಿಗೆ ಬಂದ ಕಾರ್ಮಿಕ ಸುರಕ್ಷತೆಯ ಸಂಹಿತೆಯೂ ವೈದ್ಯರಿಂದ ಇಂಥ ವರದಿಯನ್ನು ಕೇಳುತ್ತದೆ. ಟಿ.ಬಿ. ಎಂದೇ ಬರೆದು ಮುಗಿಸಿದರೆ ಆ ವರದಿ ಹೋಗುವುದೇ ಇಲ್ಲ, ಘಟಕದ ಧೂಳಿಗೆ ನೀರು ಚಿಮುಕಿಸುವಂತೆ ಯಾರೂ ಮಾಲೀಕರಿಗೆ ಹೇಳುವುದೂ ಇಲ್ಲ. ಅಣ್ಣ ನಿಂತಿದ್ದ ಜಾಗದಲ್ಲಿ ಈಗ ನಮ್ಮ ಊರಿನದೇ ಇಬ್ಬರು ಹುಡುಗರು ಮೂಗಿಗೆ ಟವೆಲ್ ಸುತ್ತಿಕೊಂಡು ನಿಂತಿದ್ದಾರೆ. ಅವರ ಎದೆಯ ಎಕ್ಸ್‌ರೇಯನ್ನು ಕೆಮ್ಮು ಬರುವ ಮೊದಲೇ ತೆಗೆಸುವ ವ್ಯವಸ್ಥೆಯನ್ನು ಇಲಾಖೆ ಈ ವರ್ಷವೇ ಮಾಡಲಿ.

ಇಂತಿ,
ಒಬ್ಬ ಓದುಗ
ಮುಂಡರಗಿ ತಾಲ್ಲೂಕು, ಗದಗ ಜಿಲ್ಲೆ